ವೀಸಿಂಗ್ ಅಲ್ಲ, ಉಸಿರಿನ ಕೊಳವೆಗೆ ಬಿದ್ದ ಉಂಗುರ

ಕಳೆದ ಸಲ ಮಗಳ ಆಪರೇಷನ್ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗಿಬಿಟ್ಟಿದ್ದೆ. ಪೂರ್ತಿ ಹೇಳಿ ಅಂತ ತುಂಬಾ ಜನ ಕೇಳಿದ್ರಿ. ಮೊದಲೇ ಹೇಳ್ತೀನಿ, ನಾನು ಡಾಕ್ಟರ್ ಅಲ್ಲ. ಪುಣೆಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕೆಲಸ. ಅಲ್ಲಿ ದಿನಾ ಬಗ್ ಹುಡುಕೋ ನಾನು ಮನೆಯಲ್ಲಿ ಹದಿನಾಲ್ಕು ತಿಂಗಳು ತಪ್ಪು ಜಾಗದಲ್ಲಿ ಹುಡುಕಿದೆ.

ಮಗಳು ಹುಟ್ಟಿದಾಗ ಚೆನ್ನೈಯಲ್ಲಿದ್ವಿ. ಒಂದು ತಿಂಗಳಿಗೇ ಉಸಿರಾಡುವಾಗ ಗೊರಗೊರ ಶಬ್ದ. ವೀಸಿಂಗ್ ಅಂದ್ರು, ನೆಬ್ಯುಲೈಸರ್ ಕೊಟ್ರು. ಆರು ತಿಂಗಳಿಗೆ ಕೆಲಸ ಬದಲಾಗಿ ಪುಣೆಗೆ ಬಂದ್ವಿ. ಹೊಸ ಡಾಕ್ಟರ್, ಹೊಸ ಫೈಲ್, ಮತ್ತೆ ಅದೇ ವೀಸಿಂಗ್. ಗೊರಗೊರ ಅನ್ನೋದನ್ನ ಹಿಂದಿಯಲ್ಲಿ ಹೇಗೆ ಹೇಳೋದು ಅಂತಲೇ ನನಗೆ ತಿಳಿಯಲಿಲ್ಲ. ನಾನು 'ಖಾಂಸಿ' ಅಂದೆ, ಅವರು ಕೆಮ್ಮಿನ ಸಿರಪ್ ಬರೆದ್ರು. ತಪ್ಪು ಅವರದ್ದೊಂದೇ ಅಲ್ಲ.

ದಾವಣಗೆರೆಯಿಂದ ಅಮ್ಮ ಬಂದು ಎರಡು ವಾರ ಸುಮ್ಮನೆ ನೋಡಿದ್ರು. ರಾಗಿ ಸರಿ ಸಲೀಸಾಗಿ ಇಳಿಯುತ್ತೆ, ಇಡ್ಲಿ ತುಂಡು ಕೊಟ್ರೆ ಒತ್ತಿಕೊಂಡು ಬರುತ್ತೆ. ಊಟ ಮಾಡುವಾಗ ಶಬ್ದ ಜಾಸ್ತಿ. ನಿದ್ದೆಯಲ್ಲಿ ಕತ್ತನ್ನು ಹಿಂದಕ್ಕೆ ಚೆಲ್ಲಿದ್ರೆ ಮಾತ್ರ ಉಸಿರು ಹಗುರ. "ಇದು ಕಫ ಅಲ್ಲಪ್ಪ, ಒಳಗೆ ಏನೋ ಅಡ್ಡ ಐತಿ" ಅಂದ್ರು. ನಾನು ನಕ್ಕುಬಿಟ್ಟೆ. ಅದೊಂದು ನನಗೆ ಈಗಲೂ ಚುಚ್ಚುತ್ತೆ.

ಒಳಗೆ ಅಡ್ಡ ಇದ್ದದ್ದು ರಕ್ತನಾಳ. ಹೃದಯದಿಂದ ಮೈಗೆಲ್ಲಾ ರಕ್ತ ಒಯ್ಯೋ ದೊಡ್ಡ ನಾಳ ಮಹಾಪಧಮನಿ. ಡಾಕ್ಟರ್‌ಗಳು ಅಯೋರ್ಟಾ ಅಂತಾರೆ. ಅದು ಮೇಲಕ್ಕೆ ಹೊರಟು, ಕಮಾನಿನ ಹಾಗೆ ಎಡಕ್ಕೆ ಬಾಗಿ, ಕೆಳಗಿಳಿಯುತ್ತೆ. ಗರ್ಭದ ಮೊದಲ ವಾರಗಳಲ್ಲಿ ನಮಗೆಲ್ಲರಿಗೂ ಎಡಕ್ಕೊಂದು, ಬಲಕ್ಕೊಂದು ಕಮಾನು ಇರುತ್ತೆ. ಆಮೇಲೆ ಬಲಗಡೆ ಹಿಂಭಾಗದ ತುಂಡು ಕರಗಿಹೋಗಿ ಎಡದ್ದು ಉಳಿಯುತ್ತೆ. ಕೆಲವು ಮಕ್ಕಳಲ್ಲಿ ಅದು ಕರಗೋದೇ ಇಲ್ಲ. ಎರಡೂ ಕಮಾನು ಸೇರಿ ಒಂದು ಉಂಗುರ ಆಗುತ್ತೆ, ಅದರ ನಡುವೆ ಶ್ವಾಸನಾಳ, ಅನ್ನನಾಳ ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಇದಕ್ಕೆ ಡಬಲ್ ಅಯೋರ್ಟಿಕ್ ಆರ್ಚ್ ಅಂತಾರೆ. ಇಂಥ ಉಂಗುರಗಳ ಇಡೀ ಗುಂಪಿಗೆ ವ್ಯಾಸ್ಕುಲರ್ ರಿಂಗ್ ಅಂತ ಹೆಸರು.

ಈಗ ಅಮ್ಮ ನೋಡಿದ್ದನ್ನೆಲ್ಲಾ ಜೋಡಿಸಿ ನೋಡಿ. ಗಟ್ಟಿ ತುತ್ತು ಇಳಿಯುವಾಗ ಅನ್ನನಾಳ ಉಬ್ಬಿ ಮುಂದಿರೋ ಶ್ವಾಸನಾಳವನ್ನು ಒತ್ತುತ್ತೆ, ಅದಕ್ಕೇ ಊಟದಲ್ಲಿ ಶಬ್ದ ಜಾಸ್ತಿ. ಕತ್ತು ಹಿಂದಕ್ಕೆ ಹೋದ್ರೆ ಕೊಳವೆ ಎಳೆದು ನಿಂತು ಸ್ವಲ್ಪ ತೆರೆದುಕೊಳ್ಳುತ್ತೆ. ಇನ್ನು ನೆಬ್ಯುಲೈಸರ್ ಔಷಧಿ ಸಡಿಲ ಮಾಡೋದು ಒಳಗಿನ ಸಣ್ಣ ಕೊಳವೆಗಳ ಸ್ನಾಯುಗಳನ್ನ. ದೊಡ್ಡ ಕೊಳವೆಯನ್ನ ಹೊರಗಿಂದ ಬಿಗಿದಿರೋ ಉಂಗುರಕ್ಕೆ ಅದೇನು ಮಾಡೀತು? ಆಸ್ತಮಾದ ಸುಯ್ಯೋ ಶಬ್ದ ಹೆಚ್ಚಾಗಿ ಉಸಿರು ಬಿಡುವಾಗ ಕೇಳುತ್ತೆ. ನಮ್ಮವಳದ್ದು ಎಳೆಯುವಾಗಲೂ ಬಿಡುವಾಗಲೂ ಇತ್ತು. ಕೆಮ್ಮಿದ್ರೆ ಕಂಚಿನ ಪಾತ್ರೆಗೆ ಬಡಿದ ಹಾಗೆ.

ಗೊತ್ತಾಗಿದ್ದು ಹೇಗೆ ಅಂದ್ರೆ, ಹೆಂಡತಿ ಒಂದು ರಾತ್ರಿ ಫೋನಿನಲ್ಲಿ ವಿಡಿಯೋ ಮಾಡಿದಳು, ಊಟದ್ದು ಒಂದು, ನಿದ್ದೆಯದ್ದು ಒಂದು. ಮೂರನೇ ಡಾಕ್ಟರ್ ಅದನ್ನ ಎರಡು ಸಲ ನೋಡಿ ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆಸಿದ್ರು. ಅನ್ನನಾಳದ ಎರಡೂ ಪಕ್ಕ ಒತ್ತಿದ ಗುರುತು. ಆಮೇಲೆ ಸಿಟಿ ಆಂಜಿಯೋದಲ್ಲಿ ಉಂಗುರ ಪೂರ್ತಿ ಕಂಡಿತು. ಅದಕ್ಕೆ ಮುಂಚೆ ಒಂದು ಎಕೋ ಆಗಿತ್ತು, ಹೃದಯ ನಾರ್ಮಲ್ ಅಂತ ಬಂದಿತ್ತು. ಸುಳ್ಳಲ್ಲ, ಹೃದಯ ಸರಿಯಾಗೇ ಇತ್ತು.

ಈ ಆಪರೇಷನ್ ಹೊಸದೇನಲ್ಲ. ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ 1945ರಲ್ಲೇ ಮಾಡಿದ್ದರು. ಎರಡು ಕಮಾನುಗಳಲ್ಲಿ ಸಣ್ಣದನ್ನ, ಸಾಮಾನ್ಯವಾಗಿ ಎಡಗಡೆಯದನ್ನ, ಕತ್ತರಿಸಿ ಉಂಗುರ ಬಿಡಿಸ್ತಾರೆ. ಪಕ್ಕೆಲುಬಿನ ನಡುವಿಂದ ಮಾಡೋದು. ಹೃದಯ ನಿಲ್ಲಿಸೋ ಅಗತ್ಯ ಸಾಮಾನ್ಯವಾಗಿ ಬರಲ್ಲ. ಆದ್ರೆ ಒಂದು ವಿಷಯ ನಮಗೆ ಮೊದಲೇ ತಲೆಗೆ ಹೋಗಿರಲಿಲ್ಲ. ಶಬ್ದ ಮಾರನೇ ದಿನವೇ ನಿಲ್ಲಲ್ಲ. ತಿಂಗಳುಗಟ್ಟಲೆ ಒತ್ತಡದಲ್ಲಿದ್ದ ಶ್ವಾಸನಾಳದ ಗೋಡೆ ಮೆತ್ತಗಾಗಿರುತ್ತೆ, ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಆ ದಿನಗಳಲ್ಲಿ ಆಪರೇಷನ್ ಫೇಲ್ ಆಯ್ತು ಅಂತ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತು ಅತ್ತಿದ್ದೀವಿ.

ರಕ್ತನಾಳ ದಾರಿ ತಪ್ಪಿದವರೆಲ್ಲಾ ಆಪರೇಷನ್ ಟೇಬಲ್ ಹತ್ತಬೇಕಿಲ್ಲ. ಬಲಗೈಗೆ ಹೋಗೋ ನಾಳ ಅನ್ನನಾಳದ ಹಿಂದಿನಿಂದ ಸುತ್ತಿಕೊಂಡು ಹೋಗೋದು ನೂರಿನ್ನೂರು ಜನರಲ್ಲಿ ಒಬ್ಬರಿಗೆ ಇರುತ್ತೆ, ಹೆಚ್ಚಿನವರಿಗೆ ಜೀವನಪೂರ್ತಿ ಗೊತ್ತೇ ಆಗಲ್ಲ. ಕೆಲವರಿಗೆ ಮಾತ್ರ ನುಂಗೋದು ಕಷ್ಟ. ಅಂಥ ಒಬ್ಬ ಹೆಂಗಸಿನ ಕಥೆಯನ್ನ ಇಂಗ್ಲೆಂಡಿನ ಡೇವಿಡ್ ಬೇಫರ್ಡ್ 1794ರಲ್ಲೇ ಪ್ರಕಟಿಸಿದ್ದರು.

ಹೃದಯಕ್ಕೇ ರಕ್ತ ಕೊಡೋ ಕೊರೋನರಿ ನಾಳಗಳು ತಪ್ಪು ಜಾಗದಲ್ಲಿ ಹುಟ್ಟೋದು ಬೇರೆಯದೇ ವಿಷಯ, ಹೆಚ್ಚು ಅಪಾಯದ್ದು. ಹಾಲು ಕುಡಿಯುವಾಗ ಕೂಸು ಬೆವೆತು, ಬಿಳಿಚಿಕೊಂಡು, ನೋವಿಗೆ ಅತ್ತಂತೆ ಅತ್ರೆ ಬರೀ ಹೊಟ್ಟೆನೋವು ಅಂತ ಬಿಡಬೇಡಿ. ಓಡುವಾಗ ಎದೆನೋವು ಬಂದ ಅಥವಾ ಎಚ್ಚರ ತಪ್ಪಿದ ಹುಡುಗನನ್ನ ನಿಶ್ಶಕ್ತಿ ಅಂತ ಗ್ಲೂಕೋಸ್ ಕುಡಿಸಿ ಮನೆಗೆ ಕಳಿಸಬೇಡಿ. ತುಟಿ ನೀಲಿಯಾದ್ರೆ, ಉಸಿರು ನಿಂತು ನಿಂತು ಬಂದ್ರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ನೇರ ಎಮರ್ಜೆನ್ಸಿಗೆ.

ಹಾಗಂತ ನಿಮ್ಮ ಮಗುವಿನ ವೀಸಿಂಗ್ ಔಷಧಿ ಇವತ್ತೇ ನಿಲ್ಲಿಸಬೇಡಿ ಮತ್ತೆ. ಹೆಚ್ಚಿನ ಮಕ್ಕಳದ್ದು ನಿಜವಾಗಿ ವೀಸಿಂಗೇ. ಆದ್ರೆ ಹುಟ್ಟಿದಾಗಿಂದ ಶಬ್ದ ಇದ್ದು, ಔಷಧಿಗೆ ಬಗ್ಗದೆ, ನುಂಗೋಕೂ ತೊಂದರೆ ಇದ್ರೆ, "ಉಸಿರಿನ ಕೊಳವೆಯನ್ನ ಹೊರಗಿಂದ ಏನಾದ್ರೂ ಒತ್ತುತ್ತಿರಬಹುದಾ ಸಾರ್" ಅಂತ ಕೇಳಿ. ಮಾತು ಬರದಿದ್ರೆ ವಿಡಿಯೋ ತೋರಿಸಿ. ಊರು ಬಿಡುವಾಗ ಹಳೇ ಫೈಲನ್ನ ಪ್ಯಾಕರ್ಸ್ ಡಬ್ಬಕ್ಕೆ ಹಾಕದೆ ಕೈಯಲ್ಲೇ ಇಟ್ಕೊಳ್ಳಿ. ನಮ್ಮ ಚೆನ್ನೈ ಫೈಲ್ ಇವತ್ತಿಗೂ ಸಿಕ್ಕಿಲ್ಲ.

ಮಗಳಿಗೆ ಈಗ ನಾಲ್ಕು ವರ್ಷ. ನೆಗಡಿಯಾದಾಗ ಕೆಮ್ಮಿನಲ್ಲಿ ಆ ಕಂಚಿನ ದನಿ ಸ್ವಲ್ಪ ಬರುತ್ತೆ. ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ ಕೇಳೋ ಮೊದಲ ಪ್ರಶ್ನೆ, "ಇಡ್ಲಿ ತಿಂದ್ಲಾ?"