ಮಡಚಿದ ಕೊಂಬೆ, ಕಡಿದ ಕೊಂಬೆ

ಕುಂದಲಹಳ್ಳಿ ಮೆಟ್ರೊ ನಿಲ್ದಾಣದಲ್ಲಿ ಇಳಿದ ದೊಡ್ಡಪ್ಪನ ಕೈಯಲ್ಲಿ ನಾಲ್ಕು ಮಡಿಕೆಯ ಕಾಗದವೊಂದಿತ್ತು. ಮುತ್ತಾತನಿಂದ ನನ್ನ ತಮ್ಮನವರೆಗೆ ಮನೆತನದ ಹೆಸರುಗಳು, ನಡುವೆ ಗೆರೆಗಳು. ತಾತನ ಹೆಸರಲ್ಲೇ ಉಳಿದ ಜಮೀನಿಗೆ ಪೌತಿ ಖಾತೆ ಆಗಬೇಕು, ಅದಕ್ಕೆ ನಾಡಕಚೇರಿಗೆ ವಂಶವೃಕ್ಷ ಕೊಡಬೇಕು. ‘ದಿನಾ ಕಂಪ್ಯೂಟರಲ್ಲಿ ಮರ ಬರೀತೀಯಂತಲ್ಲ ಮಗಾ, ಇದನ್ನೂ ನೀಟಾಗಿ ಬರ್ಕೊಡು’ ಅಂದರು.

ನನ್ನ ಕೆಲಸವೇ ಅದು. ಕಂಪನಿಯ ಹುದ್ದೆಗಳು, ಯಂತ್ರದ ಬಿಡಿಭಾಗಗಳು, ಕಡತಗಳು ಎಲ್ಲವೂ ಪರದೆಯ ಮೇಲೆ ಮರಗಳಾಗುತ್ತವೆ. ಇಡೀ ಮರ ಒಟ್ಟಿಗೆ ಹಿಡಿಸದು. ಹಾಗಾಗಿ ಹೆಸರಿನ ಮೇಲೆ ಒತ್ತಿದರೆ ಕೊಂಬೆ ಬಿಚ್ಚಿಕೊಳ್ಳಬೇಕು, ಮತ್ತೆ ಒತ್ತಿದರೆ ಮಡಚಿಕೊಳ್ಳಬೇಕು.

ನಾನು ಬಳಸುವುದು ಡಿ3 ಎಂಬ ಜಾವಾಸ್ಕ್ರಿಪ್ಟ್ ಗ್ರಂಥಾಲಯ. 2011ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮೈಕ್ ಬೊಸ್ಟಾಕ್, ವಾದಿಮ್ ಒಗಿಯೆವೆಟ್‌ಸ್ಕಿ, ಜೆಫ್ರಿ ಹೀರ್ ಹೊರತಂದದ್ದು. ಯಾವ ಹೆಸರು ಎಲ್ಲಿ ಕೂರಬೇಕೆಂಬ ಲೆಕ್ಕ ಇನ್ನೂ ಹಳೆಯದು. ಒಂದೇ ತಲೆಮಾರಿನವರು ಒಂದೇ ಸಾಲಿನಲ್ಲಿ, ಹೆತ್ತವರು ಮಕ್ಕಳ ನಟ್ಟನಡುವೆ, ಒಂದೇ ಆಕಾರದ ಕೊಂಬೆಗಳು ಎಲ್ಲಿದ್ದರೂ ಒಂದೇ ರೀತಿ. ಇದಕ್ಕೊಂದು ಅಚ್ಚುಕಟ್ಟಾದ ವಿಧಾನವನ್ನು ರೈನ್‌ಗೋಲ್ಡ್ ಮತ್ತು ಟಿಲ್‌ಫರ್ಡ್ 1981ರಲ್ಲೇ ಕೊಟ್ಟಿದ್ದರು.

ಮಡಚುವ ಉಪಾಯ ಬಲು ಸರಳ. ಮಕ್ಕಳ ಪಟ್ಟಿಯ ಹೆಸರು ‘ಚಿಲ್ಡ್ರನ್’. ಅದನ್ನು ಅಳಿಸುವುದಿಲ್ಲ, ಮುಂದೊಂದು ಅಂಡರ್‌ಸ್ಕೋರ್ ಅಂಟಿಸಿದ ಇನ್ನೊಂದು ಹೆಸರಿನಡಿ ಎತ್ತಿಡುತ್ತೇವೆ. ಲೆಕ್ಕ ಹಾಕುವ ಭಾಗ ಹಳೆಯ ಹೆಸರನ್ನು ಹುಡುಕುತ್ತದೆ, ಸಿಗದಿದ್ದರೆ ಮಕ್ಕಳೇ ಇಲ್ಲವೆಂದುಕೊಂಡು ಜಾಗ ಬಿಡದೆ ಮುಂದೆ ಹೋಗುತ್ತದೆ. ಬಿಚ್ಚುವಾಗ ಮಕ್ಕಳು ಹೆತ್ತವರು ನಿಂತಿದ್ದ ಜಾಗದಿಂದಲೇ ಹೊರಬಂದು ಹರಡಬೇಕು, ಮಡಚುವಾಗ ಅಲ್ಲಿಗೇ ಸೇರಬೇಕು. ಕಾಲು ಸೆಕೆಂಡಿನ ಈ ಚಲನೆ ಇಲ್ಲದಿದ್ದರೆ ಯಾರು ಯಾರ ಮಕ್ಕಳೆಂಬುದು ಕಣ್ಣಿಗೆ ತಪ್ಪಿಹೋಗುತ್ತದೆ. ಕನ್ನಡಕ್ಕೆ ಇನ್ನೂ ಒಂದು ಎಚ್ಚರ ಬೇಕು: ಸಾಲುಗಳ ನಡುವೆ ಧಾರಾಳ ಜಾಗ ಬಿಡದಿದ್ದರೆ ತಿಮ್ಮಯ್ಯನ ಒತ್ತಕ್ಷರ ಕೆಳಗಿನ ಹೆಸರಿನ ತಲೆಕಟ್ಟಿಗೆ ಬಡಿಯುತ್ತದೆ.

ಸಂಜೆ ಎರಡು ತಲೆಮಾರನ್ನಷ್ಟೇ ಬಿಚ್ಚಿಟ್ಟು ತೋರಿಸಿದೆ. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. ‘ಚಿಕ್ಕತಾತನ ಮನೆಯೋರು ಎಲ್ಲಿ? ಬಿಟ್ಟುಬಿಟ್ಟೆಯಾ?’ ದನಿ ಬದಲಾಗಿತ್ತು. ಜಮೀನಿನ ಕಾಗದದಲ್ಲಿ ಒಂದು ಕವಲು ಬಿಟ್ಟುಹೋದರೆ ಕೋರ್ಟು ಹತ್ತಬೇಕಾಗುತ್ತದೆ ಎಂಬುದು ಅವರು ಕಣ್ಣಾರೆ ಕಂಡದ್ದು. ಚಿಕ್ಕತಾತನ ಹೆಸರು ಒತ್ತಿದೆ, ಹನ್ನೊಂದು ಜನ ಹೊರಬಂದರು. ಅವರಿಗೆ ಸಮಾಧಾನವಾಯಿತು, ನನಗೆ ಆಗಲಿಲ್ಲ. ಮಡಚಿದ ಕೊಂಬೆಗೂ ಕಡಿದ ಕೊಂಬೆಗೂ ನನ್ನ ಪರದೆಯಲ್ಲಿ ಭೇದವೇ ಇರಲಿಲ್ಲ.

ರಾತ್ರಿಯೇ ತಿದ್ದಿದೆ. ಒಳಗೆ ಜನರಿದ್ದರೆ ತುಂಬಿದ ವೃತ್ತ, ಪಕ್ಕದಲ್ಲಿ +11. ಮಕ್ಕಳಿಲ್ಲದಿದ್ದರೆ ಖಾಲಿ ವೃತ್ತ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ತಂತ್ರಾಂಶವಿದೆ, ಅದಕ್ಕೂ ಇದೇ ನಿಯಮ: ಕೊಂಬೆ ಬಿಚ್ಚಿದೆಯೋ ಮಡಚಿದೆಯೋ ಎಂಬ ಗುರುತು ಮಕ್ಕಳಿರುವ ಹೆಸರಿಗೆ ಮಾತ್ರ. ಇಲ್ಲದವರಿಗೆ ‘ಮಡಚಿದೆ’ ಎಂದು ಬರೆದರೆ ಅದು ಸುಳ್ಳು ಹೇಳಿದಂತೆ.

ಮಾರನೆಯ ಬೆಳಿಗ್ಗೆ ಕಾಗದ ಮತ್ತೆ ಓದಿದಾಗ ಬೇರೆಯದೇ ಕಂಡಿತು. ಚಿಕ್ಕಪ್ಪ ಮದುವೆಯಾಗಿದ್ದು ಸ್ವಂತ ಅಕ್ಕನ ಮಗಳನ್ನು. ಹೆಂಡತಿಯ ಜಾಗದಲ್ಲಿ ಚಿಕ್ಕಮ್ಮನ ಹೆಸರಿದೆ, ಅವಳನ್ನು ಹೆತ್ತ ದೊಡ್ಡತ್ತೆಯ ಹೆಸರಿಲ್ಲ. ತಾತನ ಮೂವರು ಹೆಣ್ಣುಮಕ್ಕಳೂ ಇಲ್ಲ. ಇದು ಮಡಚಿದ್ದಲ್ಲ, ಕಡಿದದ್ದು.

‘ಕೊಟ್ಟ ಹೆಣ್ಣು ಆ ಮನೆ ವಂಶಕ್ಕೆ ಸೇರ್ತಾಳಲ್ವಾ?’ ದೊಡ್ಡಪ್ಪ ಕಪಟವಿಲ್ಲದೆ ಕೇಳಿದರು. ಕಾನೂನು ಹಾಗೆ ಹೇಳುವುದಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತ್ತು, ಕೇಂದ್ರ 2005ರಲ್ಲಿ. ಕೇಂದ್ರದ ಆ ತಿದ್ದುಪಡಿ ಬಂದಾಗ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ನಿಧಾನವಾಗಿ ಎಲ್ಲ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡರು.

ಮೂವರು ಅತ್ತೆಯರನ್ನೂ ಸೇರಿಸಿದ ಕೂಡಲೇ ಮರ ಮರವಾಗಿ ಉಳಿಯಲಿಲ್ಲ. ಡಿ3ಯ ಮರದಲ್ಲಿ ಒಂದು ಹೆಸರಿಗೆ ಮೇಲಿನಿಂದ ಒಂದೇ ಗೆರೆ. ನಮ್ಮ ಚಿಕ್ಕಮ್ಮನಿಗೆ ಎರಡು: ದೊಡ್ಡತ್ತೆಯಿಂದ ಮಗಳಾಗಿ, ಚಿಕ್ಕಪ್ಪನಿಂದ ಹೆಂಡತಿಯಾಗಿ. ಸೋದರಮಾವನಿಗೆ ಹೆಣ್ಣು ಕೊಡುವ ನಮ್ಮ ಕಡೆಯ ಯಾವ ಮನೆತನ ಬರೆಯಲು ಹೋದರೂ ಇದು ಎದುರಾಗುತ್ತದೆ. ಇಬ್ಬರು ಚಿಕ್ಕಮ್ಮಂದಿರನ್ನು ಬರೆಯಲು ಮನಸ್ಸು ಒಪ್ಪಲಿಲ್ಲ. ತಾಯಿಯ ಕೆಳಗೆ ಕೂರಿಸಿ, ಚಿಕ್ಕಪ್ಪನಿಗೆ ಚುಕ್ಕೆ ಗೆರೆ ಎಳೆದೆ. ದೊಡ್ಡತ್ತೆಯ ಕೊಂಬೆ ಮಡಚಿದರೂ ಚಿಕ್ಕಪ್ಪನ ಕಡೆಯ ದಾರಿ ತೆರೆದಿದ್ದರೆ ಅವಳು ಕಾಣುತ್ತಲೇ ಇರಬೇಕು, ಎರಡೂ ಮುಚ್ಚಿದಾಗ ಮಾತ್ರ ಮರೆಯಾಗಬೇಕು ಎಂದು ನಿಯಮ ಬರೆದೆ.

ಮುದ್ರಿಸುವ ಮೊದಲು ಎಲ್ಲ ಕೊಂಬೆ ಬಿಚ್ಚಿದೆ, ಕಾಗದದ ಮೇಲೆ ಒತ್ತಿ ತೆರೆಯಲಾಗದಲ್ಲ. ದೊಡ್ಡಪ್ಪ ಪೆನ್ನಿನ ತುದಿಯಿಂದ ಒಂದೊಂದೇ ಹೆಸರು ಮುಟ್ಟುತ್ತಾ ಬಂದು ದೊಡ್ಡತ್ತೆಯ ಹೆಸರಿನ ಹತ್ತಿರ ನಿಂತರು. ಫೋನು ತೆಗೆದು ಕಿವಿಗಿಟ್ಟುಕೊಂಡರು.

‘ಅಕ್ಕಾ, ಆಧಾರ್‌ನಲ್ಲಿ ನಿನ್ನ ಹೆಸರು ಹೇಗೆ ಬರ್ಸಿದೀಯ?’