ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರದ ಪದವಿ ವ್ಯಾಸಂಗ

1966ರ ಜೂನ್ 6ರಂದು ಭಾರತ ಸರ್ಕಾರವು ರೂಪಾಯಿಯನ್ನು ಅಪಮೌಲ್ಯಗೊಳಿಸಿತು, ಡಾಲರೊಂದಕ್ಕೆ 4.76 ರೂಪಾಯಿ ಇದ್ದುದು 7.50 ಆಯಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಇದು ಆಮದು-ರಫ್ತುಗಳ ಲೆಕ್ಕ. ರಾಜ್ಯಶಾಸ್ತ್ರದ ತರಗತಿಯಲ್ಲಿ ಇಂದಿರಾ ಗಾಂಧಿಯವರು ಎದುರಿಸಿದ ವಿರೋಧ. 1965ರ ಯುದ್ಧಕಾಲದಲ್ಲಿ ಅಮೆರಿಕವು ನೆರವನ್ನು ತಡೆಹಿಡಿದುದು, ಬರಗಾಲದಲ್ಲಿ ದೇಶವು ಅಲ್ಲಿಯ ಗೋಧಿಯನ್ನೇ ನೆಚ್ಚಬೇಕಾದುದು, ವಿಶ್ವಬ್ಯಾಂಕು ಅಪಮೌಲ್ಯಕ್ಕೆ ಒತ್ತಾಯಿಸಿದುದು—ಇವನ್ನು ಒಟ್ಟಿಗೆ ಓದಿಸುವುದೇ ಅಂತರರಾಷ್ಟ್ರೀಯ ರಾಜಕೀಯ ಅರ್ಥಶಾಸ್ತ್ರ. ಎರಡು ಶಾಸ್ತ್ರಗಳ ಪರಸ್ಪರ ಉಪೇಕ್ಷೆಯನ್ನು ಸೂಸನ್ ಸ್ಟ್ರೇಂಜ್ 1970ರ ಲೇಖನವೊಂದರಲ್ಲಿ ಖಂಡಿಸಿದ ಬಳಿಕ ಇದು ಬ್ರಿಟನ್ನಿನಲ್ಲಿ ಪ್ರತ್ಯೇಕ ವ್ಯಾಸಂಗವಾಗಿ ಬೆಳೆಯಿತು. ಇದರ ಪದವಿ ವಿದ್ಯಾರ್ಥಿಗೆ ಸಂಖ್ಯಾಶಾಸ್ತ್ರವೂ ಬೇಕು, ಒಪ್ಪಂದಗಳನ್ನು ಸಾಲುಸಾಲಾಗಿ ಓದುವ ತಾಳ್ಮೆಯೂ ಬೇಕು. ಇತಿಹಾಸದ ಬೋಧಕರಾದ ನಾವೂ ನಿರ್ದೋಷಿಗಳಲ್ಲ: ಆ ಜೂನ್ ಆರನ್ನು ಬರಿಯ ತಾರೀಖಾಗಿ ಬಾಯಿಪಾಠ ಮಾಡಿಸಿದ್ದೇವೆ.