ಶುದ್ಧಕೋಣೆಯ ಹೊಸಿಲಿನಲ್ಲಿ ಗಾಳಿಸ್ನಾನ: ಯಂತ್ರದ ಆಯ್ಕೆಯೂ ಪಾಲನೆಯೂ

ಅಂಗಾಂಶ ಕೃಷಿಯ ಕ್ರಮದಿಂದ ಬಾಳೆಯ ಸಸಿಗಳನ್ನು ತಯಾರಿಸುವ ಪ್ರಯೋಗಶಾಲೆಯನ್ನು ಸ್ವಂತವಾಗಿಯೋ ಕೂಡುಬಂಡವಾಳದಿಂದಲೋ ಸ್ಥಾಪಿಸಬೇಕೆಂದು ಯೋಚಿಸುವ ಜಮೀನುದಾರರಿಗೆ ಯಂತ್ರವ್ಯಾಪಾರಿಗಳು ತೋರಿಸುವ ಸಾಮಾನುಗಳಲ್ಲಿ ಏರ್‌ಷವರ್, ಎಂದರೆ ಗಾಳಿಸ್ನಾನದ ಕೋಣೆಯೂ ಒಂದು. ನೋಟಕ್ಕೆ ಬಹು ಸೊಗಸಾದ ವಸ್ತು. ಇದನ್ನು ಕೊಳ್ಳತಕ್ಕದ್ದೇ, ಕೊಂಡರೆ ಎಂತಹುದನ್ನು ಕೊಳ್ಳಬೇಕು, ಕೊಂಡಮೇಲೆ ಹೇಗೆ ಪಾಲಿಸಬೇಕು ಎಂಬುದನ್ನು ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ ಪ್ರಾಂತದ ಸ್ಥಿತಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಈ ಪ್ರಾಂತದ ಧೂಳು ಸಾಮಾನ್ಯವಾದುದಲ್ಲ. 1880ರಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿಯೂ 1956ರಿಂದ ಸರ್ಕಾರದ ಆಡಳಿತದಲ್ಲಿಯೂ ನಡೆದು, 2001ನೆಯ ಇಸವಿ ಫೆಬ್ರವರಿ 28ರಂದು ಮುಚ್ಚಿದ ಗಣಿಗಳು ಸುಮಾರು 3.3 ಕೋಟಿ ಟನ್ ತ್ಯಾಜ್ಯವನ್ನು ಗುಡ್ಡಗಳಾಗಿ ಬಿಟ್ಟುಹೋಗಿವೆ. ಅದುರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನವನ್ನು ತೆಗೆದಮೇಲೆ ಉಳಿದ ಪುಡಿಯೇ ಇದು. ಆಷಾಢದ ಗಾಳಿಯು ಪಶ್ಚಿಮದಿಂದ ಬೀಸುವುದರಿಂದ ಗುಡ್ಡಗಳ ಪೂರ್ವಕ್ಕಿರುವ ಗ್ರಾಮಗಳಿಗೆ ಆಗ ಉಪದ್ರವ ಹೆಚ್ಚು. ಹಿಂಗಾರಿನಲ್ಲಿ ಗಾಳಿ ತಿರುಗಿ ಬಂಗಾರಪೇಟೆಯ ಕಡೆಗೆ ಮುಖಮಾಡುತ್ತದೆ. ಪ್ರಯೋಗಶಾಲೆಗೆ ನಿವೇಶನವನ್ನು ಆರಿಸುವವರು ಯಂತ್ರದ ಬೆಲೆಪಟ್ಟಿಯನ್ನು ನೋಡುವುದಕ್ಕೆ ಮುಂಚೆ ಗುಡ್ಡ ಯಾವ ದಿಕ್ಕಿಗಿದೆಯೆಂಬುದನ್ನು ನೋಡಿಕೊಳ್ಳಬೇಕು.

ಧೂಳಿನಿಂದ ಸಸಿಗಳಿಗೆ ಏನು ಹಾನಿ ಎಂದು ಕೇಳಬಹುದು. ಸೀಸೆಯಲ್ಲಿ ಚಿಗುರಿಗೆ ಇಡುವ ಆಹಾರದಲ್ಲಿ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಈ ಸಿಹಿಯು ಬಾಳೆಯ ಚಿಗುರಿಗೆ ಎಷ್ಟು ಹಿತವೋ ಬೂಷ್ಟಿಗೂ ಅಷ್ಟೇ ಹಿತ. ಧೂಳಿನೊಡನೆ ಬಂದ ಬೂಷ್ಟಿನ ಒಂದು ಬೀಜಕಣ ಒಳಕ್ಕೆ ಬಿದ್ದರೂ ಕೆಲವು ದಿನಗಳಲ್ಲಿಯೇ ಸೀಸೆ ಕೆಟ್ಟುಹೋಗುತ್ತದೆ. ರೇಷ್ಮೆಹುಳು ಸಾಕುವ ನಮ್ಮ ಜಿಲ್ಲೆಯ ರೈತರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ಗಂಟುರೋಗದ ಕಣಗಳು ಧೂಳಿನಲ್ಲಿ ಅಡಗಿರುತ್ತವೆಂಬುದನ್ನು ಅರಿತೇ ಅವರು ಹುಳುಮನೆಯ ಬಾಗಿಲಿನಲ್ಲಿ ಕಾಲು ತೊಳೆದು, ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗುತ್ತಾರೆ. ಏರ್‌ಷವರ್ ಅದೇ ಎಚ್ಚರಿಕೆಯ ಯಂತ್ರರೂಪ.

ಇದು ಶುದ್ಧಕೋಣೆಯ ಬಾಗಿಲಿನಲ್ಲಿ ನಿಲ್ಲಿಸುವ, ಒಬ್ಬಿಬ್ಬರು ಹಿಡಿಸುವಷ್ಟು ಅಗಲದ ಪೆಟ್ಟಿಗೆ. ಎರಡು ಬಾಗಿಲುಗಳುಂಟು, ಒಂದು ತೆರೆದಿರುವಾಗ ಇನ್ನೊಂದು ತೆರೆಯದು. ಒಳಗೆ ನಿಂತವರ ಮೇಲೆ ಗೋಡೆಯ ಸಣ್ಣ ಮೂತಿಗಳಿಂದ ಶೋಧಿಸಿದ ಗಾಳಿಯು ಸೆಕೆಂಡಿಗೆ 20ರಿಂದ 25 ಮೀಟರ್ ವೇಗದಲ್ಲಿ ನುಗ್ಗಿ, ಬಟ್ಟೆಯ ಧೂಳನ್ನು ಕೆಡವುತ್ತದೆ. ಆ ಗಾಳಿಯು ನೆಲದ ಬಳಿಯ ಜಾಲರಿಯಿಂದ ಹಿಂದಕ್ಕೆ ಹೋಗಿ, ಮೊದಲು ಒರಟು ಶೋಧಕವನ್ನೂ ಆಮೇಲೆ ಹೆಪಾ ಎಂಬ ಸೂಕ್ಷ್ಮ ಶೋಧಕವನ್ನೂ ದಾಟಿ ಮರಳಿ ಬರುತ್ತದೆ. ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು, 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡ 99.97ರಷ್ಟನ್ನು ಒಳ್ಳೆಯ ಹೆಪಾ ಶೋಧಕವು ತಡೆಯಬಲ್ಲುದು.

ಆದರೆ ಇದರ ಶಕ್ತಿಗೆ ಮಿತಿಯುಂಟು. ದಪ್ಪ ಧೂಳು ಉದುರುತ್ತದೆ. ಅತಿ ಸಣ್ಣ ಕಣಗಳು ಬಟ್ಟೆಗೆ ಅಂಟಿಯೇ ಇರುತ್ತವೆ. ಗಾಳಿಯು ಯಾವ ರೋಗಾಣುವನ್ನೂ ಕೊಲ್ಲುವುದಿಲ್ಲ. ಹೊಲದಿಂದ ಬಂದವನು ಕೈ ತೊಳೆಯದೆ, ಹತ್ತಿಯ ಪಂಚೆಯಲ್ಲಿಯೇ ಒಳಗೆ ನಿಂತರೆ ಎಳೆಗಳು ಮತ್ತಷ್ಟು ಹಾರುವುವೇ ಹೊರತು ಶುದ್ಧಿಯಾಗದು. ಈ ಕಾರಣದಿಂದಲೇ ಶುದ್ಧಕೋಣೆಗಳ ವಿನ್ಯಾಸಕಾರರಲ್ಲಿ ಕೆಲವರು ಇಂತಹ ಯಂತ್ರವೇ ಬೇಡವೆನ್ನುತ್ತಾರೆ. ನಮ್ಮ ಪ್ರಾಂತದ ಧೂಳನ್ನು ನೋಡಿದರೆ ಬೇಡವೆನ್ನುವಂತಿಲ್ಲ; ಆದರೆ ಇದರ ಸರದಿ ಕಡೆಯದು. ಬಟ್ಟೆ ಬದಲಿಸುವ ಕೋಣೆ, ಎಳೆ ಬಿಡದ ಮೇಲಂಗಿ, ತಲೆಗವಸು, ಪ್ರತ್ಯೇಕ ಪಾದರಕ್ಷೆ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ 10ರಿಂದ 15 ಪಾಸ್ಕಲ್ ಹೆಚ್ಚಾಗಿ ನಿಲ್ಲಿಸುವ ಏರ್ಪಾಡು, ಇವು ಮೊದಲು ಆಗಬೇಕು. ಇವಕ್ಕೆ ಹಣ ಸಾಲದಿದ್ದವರು ಏರ್‌ಷವರನ್ನು ಕೊಳ್ಳುವುದು ಬೇಲಿಯಿಲ್ಲದ ತೋಟಕ್ಕೆ ಬಾಗಿಲು ನಿಲ್ಲಿಸಿದಂತೆ.

ಕೊಳ್ಳುವವರು ಮೊದಲು ಆಳುಗಳನ್ನು ಎಣಿಸಬೇಕು. ಗಾಳಿ ಬೀಸುವ ಅವಧಿ 20ರಿಂದ 30 ಸೆಕೆಂಡು. ಬಾಗಿಲು ತೆರೆದು ಮುಚ್ಚುವುದೂ ಸೇರಿದರೆ ಒಂದು ಸಲಕ್ಕೆ ಒಂದು ನಿಮಿಷ ಹಿಡಿಯುತ್ತದೆ. ಇಬ್ಬರು ಹಿಡಿಸುವ ಪೆಟ್ಟಿಗೆಯಲ್ಲಿ 30 ಮಂದಿ ಒಳಗೆ ಹೋಗುವುದಕ್ಕೆ ಕಾಲು ಗಂಟೆ ಬೇಕು. ಹೊರಗೆ ಸಾಲು ನಿಂತವರಿಗೆ ತಾಳ್ಮೆ ತಪ್ಪಿದರೆ ಯಾರಾದರೂ ಅವಧಿಯನ್ನು 5 ಸೆಕೆಂಡಿಗೆ ಇಳಿಸುತ್ತಾರೆ. ಅಲ್ಲಿಗೆ ಯಂತ್ರವಿದ್ದೂ ಇಲ್ಲದಂತೆ. ಆಳುಗಳು ಹೆಚ್ಚಿದ್ದಲ್ಲಿ ಉದ್ದನೆಯ ಸುರಂಗದಂತಹ ಮಾದರಿಯನ್ನೇ ತರಿಸತಕ್ಕದ್ದು. ಎರಡು ಪಕ್ಕಗಳಿಂದಲೂ ಗಾಳಿ ಬೀಸುವುದು ಮೇಲು. ಒಂದೇ ಪಕ್ಕದ ಮಾದರಿಯಾದರೆ ನಿಂತವರು ಕೈಯೆತ್ತಿ ನಿಧಾನವಾಗಿ ಸುತ್ತು ತಿರುಗಬೇಕು. ವಿದ್ಯುತ್ತು ನಿಂತಾಗ ಎರಡು ಬಾಗಿಲುಗಳೂ ತಾವಾಗಿ ಬಿಡಿಸಿಕೊಳ್ಳುವುವೇ ಎಂಬುದನ್ನು ವ್ಯಾಪಾರಿಯ ಎದುರಿನಲ್ಲಿಯೇ ಪರೀಕ್ಷಿಸಬೇಕು. ಬೆಂಕಿ ಬಿದ್ದ ಕಾಲದಲ್ಲಿ ಬೀಗ ಬಿದ್ದ ಪೆಟ್ಟಿಗೆಯೊಳಗೆ ಮನುಷ್ಯನು ಸಿಕ್ಕಿಕೊಳ್ಳಬಾರದು.

ಮೂರು ಫೇಸಿನ ಮೋಟಾರುಳ್ಳ ಯಂತ್ರವಾದರೆ ಮತ್ತೊಂದು ಎಚ್ಚರಿಕೆ. ಲೈನು ದುರಸ್ತಿಯಾದಮೇಲೆ ಫೇಸುಗಳ ಕ್ರಮ ತಪ್ಪಿ ಕೊಳವೆಬಾವಿಯ ಮೋಟಾರು ಹಿಂದುಮುಂದಾಗಿ ತಿರುಗಿ ನೀರು ಕಡಮೆಯಾಗುವುದನ್ನು ರೈತರೆಲ್ಲರೂ ಕಂಡಿದ್ದಾರೆ. ಏರ್‌ಷವರಿನ ಬೀಸಣಿಗೆಯೂ ಹಾಗೆಯೇ. ತಿರುಗಾಮುರುಗಾ ತಿರುಗಿದರೂ ಗಾಳಿ ಮೂತಿಯಿಂದಲೇ ಬರುತ್ತದೆ, ಸದ್ದೂ ಆಗುತ್ತದೆ, ಆದರೆ ರಭಸವಿರುವುದಿಲ್ಲ. ವೇಗಮಾಪಕದಿಂದ ಅಳೆಯದೆ ಇದು ಗೊತ್ತಾಗದು. ಗುರುತು ಮಾಡಿದ ಅದೇ ಮೂತಿಗಳಲ್ಲಿ, ಅದೇ ದೂರದಿಂದ, ತಿಂಗಳಿಗೊಮ್ಮೆ ಅಳೆದು ಪುಸ್ತಕದಲ್ಲಿ ಬರೆದಿಡತಕ್ಕದ್ದು.

ಪಾಲನೆಯ ಕೆಲಸವೆಲ್ಲವೂ ಬಹುಪಾಲು ಶೋಧಕಗಳದ್ದೇ. ಒರಟು ಶೋಧಕವು ತೊಳೆಯುವಂತಹದಾದರೆ ವಾರಕ್ಕೊಮ್ಮೆ, ಆಷಾಢದಲ್ಲಿ ಎರಡು ಸಲ ತೊಳೆದು, ಪೂರ್ತಿಯಾಗಿ ಒಣಗಿಸಿ ಕೂರಿಸಬೇಕು. ಒದ್ದೆಯಾದುದರ ಮೇಲೆ ಬೂಷ್ಟು ತಾನೇ ಬೆಳೆಯುತ್ತದೆ. ಇದನ್ನು ಅಲಕ್ಷ್ಯಮಾಡಿದರೆ ಬೆಲೆಬಾಳುವ ಹೆಪಾ ಶೋಧಕವು ಅಕಾಲದಲ್ಲಿ ಕಟ್ಟಿಕೊಳ್ಳುತ್ತದೆ. ಹೆಪಾ ಶೋಧಕವನ್ನು ತೊಳೆಯಕೂಡದು, ಕೊಡವಕೂಡದು, ಅದರ ಮಡಿಕೆಗಳನ್ನು ಬೆರಳಿನಿಂದ ಮುಟ್ಟಲೂ ಕೂಡದು. ಯಂತ್ರವನ್ನು ನಿಲ್ಲಿಸಿದ ದಿನ ಒತ್ತಡಮಾಪಕದ ಮುಳ್ಳು ತೋರಿಸಿದ ಅಂಕಿಯನ್ನು ಪೆಟ್ಟಿಗೆಯ ಮೇಲೆಯೇ ಬರೆದಿಟ್ಟಿರಬೇಕು. ಆ ದಿನ 250 ಪಾಸ್ಕಲ್ ಇದ್ದುದು 500ಕ್ಕೆ ಏರಿದರೆ ಶೋಧಕವನ್ನು ಬದಲಿಸುವ ಕಾಲ ಬಂದಿತೆಂದು ತಿಳಿಯುವುದು. ಅಂಕಿಯು ಇದ್ದಕ್ಕಿದ್ದಂತೆ ಇಳಿದರೆ ಹಿಗ್ಗಬೇಕಾದುದಿಲ್ಲ. ಶೋಧಕ ಹರಿದಿರಬಹುದು, ಇಲ್ಲವೆ ಅಂಚಿನ ಬಿಗಿ ಸಡಿಲವಾಗಿರಬಹುದು. ಹರಿದ ಶೋಧಕದ ಯಂತ್ರವು ಧೂಳನ್ನು ತೆಗೆಯುವುದರ ಬದಲು ಬರುವವರ ಮೇಲೆಲ್ಲ ಎರಚುತ್ತದೆ. ಬಾಗಿಲಿನ ರಬ್ಬರು ಪಟ್ಟಿಯ ಪರೀಕ್ಷೆ ಸುಲಭ: ಕಾಗದದ ಚೂರನ್ನು ಸಂದಿನಲ್ಲಿಟ್ಟು ಬಾಗಿಲು ಮುಚ್ಚಿ ಎಳೆದರೆ ಅದು ತಡೆದು ಬರಬೇಕು.

ತೆಗೆದ ಹಳೆಯ ಶೋಧಕವನ್ನು ಅಂಗಳದಲ್ಲಿ ಬಡಿದು ಕೊಡವುವ ಪದ್ಧತಿಯನ್ನು ಖಂಡಿತವಾಗಿ ನಿಲ್ಲಿಸಬೇಕು. ಗಣಿ ಪ್ರಾಂತದ ಧೂಳಿನಲ್ಲಿ ಸಿಲಿಕದ ಅಂಶವುಂಟು. ಅದನ್ನು ಉಸಿರಾಡಿದ ಗಣಿ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದುದನ್ನು ಈ ಕಡೆಯ ಮನೆಮನೆಯವರೂ ಬಲ್ಲರು. ಬದಲಿಸುವವನು ಮುಖಕ್ಕೆ ಸರಿಯಾದ ಮುಸುಕು ಕಟ್ಟಿಕೊಂಡು, ಶೋಧಕವನ್ನು ಇದ್ದಲ್ಲಿಯೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಇಳಿಸಿ, ಬಾಯಿ ಕಟ್ಟಿ ಹೊರಗೆ ತರತಕ್ಕದ್ದು.